ಕರಿಹಲಗೆಯ ಚಿತ್ರಕ್ಕೊಂದು ತಿದ್ದುಪಡಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಮೊದಲು ನನ್ನ ಮನಸ್ಸಿಗೆ ಬಂದುದು ಒಂದು ಹಳೆಯ ಲೋಪ. ವಿಜ್ಞಾನದ ಪಾಠದಲ್ಲಿ ಪ್ರತಿವರ್ಷವೂ ನಾನು ಕರಿಹಲಗೆಯ ಮೇಲೆ ಜಲಚಕ್ರದ ಚಿತ್ರ ಬರೆಯುತ್ತಿದ್ದೆ. ಎಡಗಡೆ ಸಮುದ್ರ, ಮೇಲೆ ಸೂರ್ಯ ಮತ್ತು ಮೋಡ, ಬಲಗಡೆ ಬೆಟ್ಟ, ಅಲ್ಲಿಂದ ಸಮುದ್ರಕ್ಕಿಳಿಯುವ ನದಿ. ನೀವೆಲ್ಲರೂ ಅದನ್ನೇ ಬರೆದು ಪೂರ್ಣ ಅಂಕ ಪಡೆದಿರಿ. ಆ ಚಿತ್ರ ಅಪೂರ್ಣವಾಗಿತ್ತೆಂದು ಇಂದು ಒಪ್ಪಿಕೊಳ್ಳಬೇಕಾಗಿದೆ.

ಅದರಲ್ಲಿ ಮನುಷ್ಯನೇ ಇರಲಿಲ್ಲ. ಈ ಲೋಪ ನನ್ನೊಬ್ಬನದಲ್ಲ. ವಿಜ್ಞಾನಿಗಳ ತಂಡವೊಂದು 12 ದೇಶಗಳ 464 ಜಲಚಕ್ರದ ಚಿತ್ರಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಪ್ರಕಟಿಸಿತು. ಮನುಷ್ಯನಿಗೂ ನೀರಿಗೂ ಇರುವ ಸಂಬಂಧವನ್ನು ತೋರಿಸಿದವು ಸುಮಾರು ಶೇಕಡಾ 15 ಮಾತ್ರ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯು 2022ರಲ್ಲಿ ತನ್ನ ಹಳೆಯ ಚಿತ್ರವನ್ನು ಬದಲಿಸಿ, ಹೊಲ, ನಗರ, ಜಲಾಶಯಗಳನ್ನೂ ಅಂತರ್ಜಲ ಎತ್ತುವುದನ್ನೂ ಅದರಲ್ಲಿ ಸೇರಿಸಿತು.

ನನ್ನ ಚಿತ್ರದಲ್ಲಿ ಮರಗಳು ಬೆಟ್ಟದ ಅಲಂಕಾರಕ್ಕಷ್ಟೇ ಇದ್ದವು. ಬಾಷ್ಪವಿಸರ್ಜನೆಯನ್ನು ಸಸ್ಯಗಳ ಪಾಠದಲ್ಲಿ ಪ್ರತ್ಯೇಕವಾಗಿ ಹೇಳಿ ಮುಗಿಸುತ್ತಿದ್ದೆನೇ ಹೊರತು, ಮಳೆಯೊಡನೆ ಅದಕ್ಕಿರುವ ನಂಟನ್ನು ಬಿಡಿಸಿ ಹೇಳಲಿಲ್ಲ. ನೆಲದಿಂದ ಆವಿಯಾಗಿ ಮೇಲೇರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚಿನದು ಎಲೆಗಳ ಮೂಲಕವೇ ಹೋಗುತ್ತದೆ. ಪಶ್ಚಿಮ ಘಟ್ಟದ ಕಾಡುಗಳು ಹೀಗೆ ಬಿಟ್ಟ ತೇವವು ತಮಿಳುನಾಡಿನ ಮುಂಗಾರು ಮಳೆಗೆ ಗಣನೀಯವಾಗಿ ಒದಗುತ್ತದೆಂದೂ, ಮಳೆ ಕೊರತೆಯ ವರ್ಷಗಳಲ್ಲಿ ಆ ಪಾಲು ಇನ್ನಷ್ಟು ಹಿರಿದೆಂದೂ ಮುಂಬಯಿಯ ಐ.ಐ.ಟಿ. ಸಂಶೋಧಕರು 2018ರಲ್ಲಿ ತೋರಿಸಿಕೊಟ್ಟರು.

ತಾಳವಾಡಿಯ ನಮಗೆ ಈ ಮಾತು ಬಹಳ ಹತ್ತಿರದ್ದು. 1956ರ ಗೆರೆ ನಮ್ಮ ನುಡಿಯನ್ನು ಒಂದು ಕಡೆಗೂ ಆಡಳಿತವನ್ನು ಇನ್ನೊಂದು ಕಡೆಗೂ ಮಾಡಿತು. ಮೋಡಕ್ಕೆ ಆ ಗೆರೆ ಕಾಣುವುದಿಲ್ಲ. ಪಡುವಣದ ಕಾಡಿನಲ್ಲಿ ಕೊಡಲಿ ಬಿದ್ದರೆ ಅದರ ನಷ್ಟದಲ್ಲಿ ನಮಗೂ ಪಾಲಿದೆ.

ಸಾಲ ಮಾಡಿ ಕೊಳವೆಬಾವಿ ತೆಗೆಸಿದ ರೈತನನ್ನು ದೂರುವುದು ನನ್ನ ಉದ್ದೇಶವಲ್ಲ. ನಾನೂ ತೆಗೆಸಿದವನೇ. ಮೊದಲನೆಯದು ಬತ್ತಿದಾಗ ಅದರ ಪಕ್ಕದಲ್ಲೇ ಇನ್ನೂ ಆಳಕ್ಕೆ ಎರಡನೆಯದನ್ನು ಕೊರೆಸಿದೆ. ಮಕ್ಕಳಿಗೆ ಮೂವತ್ತು ವರ್ಷ ಜಲಚಕ್ರ ಬೋಧಿಸಿದ ಮೇಷ್ಟರಿಗೆ, ನೆಲದೊಳಗಿನ ನೀರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಅಂದು ಹೊಳೆಯಲಿಲ್ಲ. ನಾನು ಕಲಿತ ಚಿತ್ರದಲ್ಲಿ ನನ್ನ ಹೊಲವೇ ಇರಲಿಲ್ಲವಲ್ಲ!

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ನಮ್ಮ ಶಾಲೆಯ ಮಕ್ಕಳು ಪಠ್ಯಪುಸ್ತಕದ ಚಿತ್ರದ ಜೊತೆಗೆ ನಮ್ಮೂರಿನ ಜಲಚಕ್ರವನ್ನೂ ಬರೆಯಲಿ. ಅದರಲ್ಲಿ ಸತ್ಯಮಂಗಲದ ಕಾಡು, ಊರ ಕೆರೆ, ರಾಗಿ ಹೊಲ, ಕೋಸಿನ ತೋಟ, ಕೊಳವೆಬಾವಿ ಎಲ್ಲವೂ ಕನ್ನಡದ ಹೆಸರುಗಳೊಡನೆ ಇರಲಿ. ಹಿರಿಯ ವಿದ್ಯಾರ್ಥಿಗಳು ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣವನ್ನು ಅಮೃತಶಿಲೆಯ ಫಲಕಕ್ಕೆ ವ್ಯಯಿಸದೆ, ಶಾಲೆಯ ಛಾವಣಿಯ ಮಳೆನೀರನ್ನು ಇಂಗಿಸುವ ಗುಂಡಿಗೆ ವಿನಿಯೋಗಿಸಲಿ. ಅಂದು ಅಪೂರ್ಣ ಚಿತ್ರಕ್ಕೆ ಪೂರ್ಣ ಅಂಕ ಕೊಟ್ಟವನು ನಾನು. ಅದನ್ನು ಪೂರ್ತಿಗೊಳಿಸಬೇಕೆಂದು ಇಂದು ನಿಮ್ಮನ್ನು ಕೇಳುತ್ತಿರುವವನೂ ನಾನೇ.