ಕೋಟೆಯೂ ಕೊಟ್ಟಿಗೆಯೂ

ಕೋಟೆಯೆಂದೊಡನೆ ನಮ್ಮ ಕಣ್ಣ ಮುಂದೆ ರಾಜ ಬಂದು ನಿಲ್ಲುತ್ತಾನೆ, ಕುದುರೆ ನಿಲ್ಲುತ್ತದೆ, ಕತ್ತಿ ಹಿರಿದ ಭಟ ನಿಲ್ಲುತ್ತಾನೆ. ಸುಂಕದ ಲೆಕ್ಕ ಬರೆಯುವ ಗುಮಾಸ್ತ ನಿಲ್ಲುವುದಿಲ್ಲ. ಉಪ್ಪಿನ ಹೇರನ್ನು ಬೆನ್ನಿಗೆ ಹೊತ್ತು ಏದುಸಿರು ಬಿಡುತ್ತ ಘಟ್ಟವೇರುವ ಎತ್ತಂತೂ ನಿಲ್ಲುವುದೇ ಇಲ್ಲ. ನಮ್ಮ ಮೂಡಿಗೆರೆ ಸೀಮೆಯ ಕೋಟೆಗಳನ್ನು ನೋಡಲು ಬರುವವರಿಗೆ ಈ ಗುಮಾಸ್ತನ ಮತ್ತು ಈ ಎತ್ತಿನ ಪರಿಚಯವಾಗದ ಹೊರತು ಕೋಟೆಯ ಪರಿಚಯವಾಗಲಾರದೆಂಬುದು ನನ್ನ ಅಭಿಮತ. ಬಂದವರಿಗೆ ಆ ಪರಿಚಯ ಮಾಡಿಕೊಡಬೇಕಾದ ನಾವು, ಅಂದರೆ ಕನ್ನಡದ ಪಾಠ ಹೇಳುವವರು, ಈವರೆಗೆ ಆ ಕೆಲಸಕ್ಕೆ ಕೈ ಹಚ್ಚಿಲ್ಲ.

ಕೊಟ್ಟಿಗೆಹಾರದ ಕೂಡುರಸ್ತೆಯಲ್ಲಿ ಶನಿವಾರದ ಮುಂಜಾನೆ ಅರ್ಧ ಗಂಟೆ ನಿಂತರೆ ಸಾಕು, ಕೋಟೆ ನೋಡುವ ಹವ್ಯಾಸ ಎಷ್ಟು ಬೆಳೆದಿದೆಯೆಂಬುದು ತಿಳಿಯುತ್ತದೆ. ಬೆಂಗಳೂರಿನಿಂದ ರಾತ್ರಿಯೆಲ್ಲ ಬಂದ ವಾಹನಗಳು ಇಲ್ಲಿ ನಿಲ್ಲುತ್ತವೆ. ಒಳಗಿದ್ದ ತರುಣರು ಇಳಿದು ಬಿಸಿಬಿಸಿ ನೀರುದೋಸೆ ತಿನ್ನುತ್ತಾರೆ, ಕಾಫಿ ಕುಡಿಯುತ್ತಾರೆ, 'ದುರ್ಗ'ದ ದಾರಿ ಕೇಳಿಕೊಂಡು ಕಳಸದ ಕಡೆಯ ರಸ್ತೆ ಹಿಡಿಯುತ್ತಾರೆ. ಮಧ್ಯಾಹ್ನದ ಮೇಲೆ ಹಿಂದಿರುಗುವಾಗ ಏನು ಕಂಡಿರೆಂದು ಕೇಳಿದರೆ ಬರುವ ಉತ್ತರ ಒಂದೇ: 'ವ್ಯೂ' ಚೆನ್ನಾಗಿತ್ತು. ನನ್ನ ವಿದ್ಯಾರ್ಥಿಗಳ ಉತ್ತರವೂ ಇದಕ್ಕಿಂತ ಭಿನ್ನವಲ್ಲ. ಆ ಪದಕ್ಕೆ 'ನೋಟ'ವೆಂಬ ಒಳ್ಳೆಯ ಕನ್ನಡ ಮಾತಿದೆಯೆಂದು ತಿದ್ದಲು ಹೋಗಿ ಸುಮ್ಮನಾಗಿದ್ದೇನೆ. ಏಕೆಂದರೆ ಅವರು ಹೇಳುತ್ತಿರುವುದು ನೋಟವನ್ನಲ್ಲ, ತಮ್ಮ ಭಾವಚಿತ್ರದ ಹಿನ್ನೆಲೆಯನ್ನು.

ನೋಡುವುದಕ್ಕೆ ಬೆಟ್ಟ ಹತ್ತುವ ಮುನ್ನವೇ ಮೊದಲು ಮಾಡಬಹುದು. ಆ ಮೊದಲ ಸಾಮಗ್ರಿ ರಸ್ತೆ ಬದಿಯ ಹೆಸರು ಹಲಗೆಗಳಲ್ಲಿಯೇ ಇದೆ. ಬಲ್ಲಾಳರಾಯನದುರ್ಗಕ್ಕೆ ಹೋಗುವವರು ಸುಂಕಸಾಲೆ ಎಂಬ ಊರನ್ನು ಮುಟ್ಟಿಯೇ ಹೋಗಬೇಕು. 'ಶಾಲೆ'ಯ ತದ್ಭವ 'ಸಾಲೆ'. ಸುಂಕಸಾಲೆಯೆಂದರೆ ಸುಂಕದ ಕಟ್ಟೆ, ಹಾದುಹೋಗುವ ಸರಕನ್ನು ತಡೆದು ತೆರಿಗೆ ಎತ್ತುವ ಮನೆ. ಇತ್ತ ಮೂಡಿಗೆರೆಯ ಇನ್ನೊಂದು ಮಗ್ಗುಲಲ್ಲಿ ಅಂಗಡಿಯೆಂಬ ಗ್ರಾಮವಿದೆ. ಸಳನು ಹುಲಿಯನ್ನು ಹೊಯ್ದನೆಂಬ ಕಥೆಗೆ ಎಡೆಯಾದ ಸೊಸೆವೂರು ಇದೇ. ಬೇಲೂರು, ದ್ವಾರಸಮುದ್ರಗಳಿಗಿಂತ ಮೊದಲು ಹೊಯ್ಸಳರ ನೆಲೆ ಇದು. ರಾಜಧಾನಿ ಎದ್ದುಹೋದ ಮೇಲೆ ಜನರ ಬಾಯಲ್ಲಿ ಆ ಊರಿಗೆ ಉಳಿದ ಹೆಸರು ಅರಮನೆಯದಲ್ಲ, ಬಸದಿಯದೂ ಅಲ್ಲ, ಅಂಗಡಿಯದು. ಇನ್ನು ಕೊಟ್ಟಿಗೆಹಾರ: ಹೆಸರಿನಲ್ಲಿಯೇ ದನದ ಕೊಟ್ಟಿಗೆ ಇದೆ. ಚಾರ್ಮಾಡಿ ಘಟ್ಟದ ತಲೆಯಲ್ಲಿ, ಏರುವ ಹಾದಿ ಮುಗಿದು ಎತ್ತಿಗೆ ನೀರು ಹುಲ್ಲು ಬೇಕಾಗುವ ಜಾಗದಲ್ಲಿಯೇ ಈ ಊರಿದೆ. ಸ್ಥಳನಾಮದ ಸಾಕ್ಷ್ಯ ಶಾಸನದ ಸಾಕ್ಷ್ಯದಷ್ಟು ಗಟ್ಟಿಯಲ್ಲವೆಂಬುದನ್ನು ಬಲ್ಲೆ. ಆದರೂ ಸುಂಕ, ಅಂಗಡಿ, ಕೊಟ್ಟಿಗೆ ಈ ಮೂರೂ ಒಂದೇ ಸೀಮೆಯಲ್ಲಿ ನೆರೆದಿರುವಾಗ ಅವುಗಳ ನೆತ್ತಿಯ ಮೇಲಿನ ಕೋಟೆ ಏನನ್ನು ಕಾಯುತ್ತಿತ್ತೆಂದು ಊಹಿಸಲು ಪಾಂಡಿತ್ಯವೇನೂ ಬೇಡ. ಕರಾವಳಿಯಿಂದ ಉಪ್ಪು, ಒಣಮೀನು, ತೆಂಗು ಮೇಲೆ ಬರುತ್ತಿದ್ದವು; ಅಕ್ಕಿ, ಅಡಕೆ, ಮೆಣಸು, ಏಲಕ್ಕಿ ಕೆಳಗಿಳಿಯುತ್ತಿದ್ದವು. ಹಾದಿಯನ್ನು ಹಿಡಿದವನಿಗೆ ಸುಂಕ, ಸುಂಕವಿದ್ದವನಿಗೆ ಸೇನೆ. ಶೌರ್ಯದ ಮಾತು ಆಮೇಲಿನದು.

ಈ ತಿಳಿವಳಿಕೆಯನ್ನು ಬೆನ್ನಿಗಿಟ್ಟುಕೊಂಡು ದುರ್ಗವನ್ನು ಹತ್ತಿದರೆ ಅಲ್ಲಿನ ಕಲ್ಲು ಬೇರೆಯೇ ಮಾತನಾಡುತ್ತದೆ. ಸಮುದ್ರಮಟ್ಟದಿಂದ ಸುಮಾರು 5000 ಅಡಿ ಎತ್ತರದ ಹುಲ್ಲುಬೆಟ್ಟದ ಬೆನ್ನ ಮೇಲೆ ಹಬ್ಬಿಕೊಂಡ ಗೋಡೆ ಅದು. ಹಲವೆಡೆ ಸೊಂಟದೆತ್ತರಕ್ಕೆ ಕುಸಿದಿದೆ. ಬಲ್ಲಾಳರೆಂಬ ಹೆಸರಿನ ಹೊಯ್ಸಳ ದೊರೆಗಳು ಒಬ್ಬರಲ್ಲ, ಇಬ್ಬರಲ್ಲ. ಜನ ಅಂಕೆಸಂಖ್ಯೆಗಳನ್ನು ಬಿಟ್ಟು ಹೆಸರನ್ನಷ್ಟೇ ಉಳಿಸಿಕೊಂಡರು. ಕೋಟೆಯನ್ನು ಕಟ್ಟಿಸಿದವಳು ರಾಣಿಯೆಂದು ಐತಿಹ್ಯ ಹೇಳುತ್ತದೆ, ಪಕ್ಕದ ಕಡಿದಾದ ಅಂಚಿಗೆ ರಾಣಿಝರಿಯೆಂದೇ ಹೆಸರು. ಇದೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿಯುವುದು ಆ ಬೆಟ್ಟದ ನೀರಿನ ನ್ಯಾಯ. ಮೂಡಣ ಮಗ್ಗುಲ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ದಾಟಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣ ಮಗ್ಗುಲ ಬಂಡಾಜೆಯ ನೀರು ಪ್ರಪಾತಕ್ಕೆ ಧುಮುಕಿ ನೇತ್ರಾವತಿಯ ಕೂಡ ಅರಬ್ಬೀ ಸಮುದ್ರ ಸೇರುತ್ತದೆ. ಎರಡು ಕಡಲುಗಳಿಗೆ ನೀರನ್ನು ಹಂಚುವ ಏಣಿನ ಮೇಲೆ ಕೋಟೆ ಕಟ್ಟಿದವರು ಕೆಳನಾಡನ್ನೂ ಮೇಲುನಾಡನ್ನೂ ಒಮ್ಮೆಗೇ ಕಾಣಬಯಸಿದ್ದರು. ತರುಣರು ಮೆಚ್ಚುವ 'ವ್ಯೂ' ಇದೇ! ಅಂದಿನವರಿಗೆ ಅದು ಕಾವಲು. ಹೇರಿನ ಸಾಲು ಎಲ್ಲಿಗೆ ಬಂತೆಂದು ಎಣಿಸುವ ಕಿಟಕಿ.

ಕಿಟಕಿಯ ಕೆಳಗೆ ಬಾಗಿಲಿದೆ. ಚಾರ್ಮಾಡಿಯನ್ನು ಇಳಿದರೆ ಬೆಳ್ತಂಗಡಿಯ ಬಯಲಿನಲ್ಲಿ ಒಂಟಿ ಬಂಡೆಯಾಗಿ ನಿಂತ ಗಡಾಯಿಕಲ್ಲು ಕಾಣಿಸುತ್ತದೆ. ಹಳೆಯ ಹೆಸರು ನರಸಿಂಹಗಡ. 1794ರಲ್ಲಿ ಟಿಪ್ಪು ಸುಲ್ತಾನ ಅಲ್ಲಿ ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಲಾಬಾದ್ ಎಂದು ಕರೆದ. ಬಂಡೆಯನ್ನು ಕಡಿದು ಮಾಡಿದ ಸಾವಿರದೆಂಟುನೂರಕ್ಕೂ ಮೀರಿದ ಮೆಟ್ಟಿಲುಗಳು. ಹತ್ತಲು ಅದೊಂದೇ ದಾರಿ. 1799ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ತಿಮ್ಮನಾಯಕನೆಂಬವನು ಅವರಿಂದ ಕಸಿದುಕೊಂಡ. ಮತ್ತೆ ಪಡೆಯಲು 1800ರಲ್ಲಿ ಅವರು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. ನರಸಿಂಹಗಡವೋ ಜಮಲಾಬಾದೋ ಎಂದು ಇಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಎರಡೂ ಹೌದು, ಗಡಾಯಿಕಲ್ಲೂ ಹೌದು. ಒಂದು ಕಲ್ಲಿಗೆ ಮೂರು ಹೆಸರಿರುವುದು ಆ ಹಾದಿಯನ್ನು ಎಷ್ಟು ಜನ ಬಯಸಿದರೆಂಬುದಕ್ಕೆ ಸಾಕ್ಷಿ. ಒಂದನ್ನು ಅಳಿಸಿದರೆ ಸಾಕ್ಷಿಯ ಒಂದು ಪುಟ ಹರಿದಂತೆ.

ದಕ್ಷಿಣಕ್ಕೆ, ಸಕಲೇಶಪುರದ ಬಳಿ ದೋಣಿಗಾಲಿನ ಗುಡ್ಡದ ಮೇಲೆ, ಇನ್ನೊಂದು ಘಟ್ಟದ ಹಾದಿಯನ್ನು ಕಾಯುವ ಮಂಜರಾಬಾದ್ ಇದೆ. 1792ರಲ್ಲಿ ಮುಗಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರ. ಆಕಾಶದಿಂದ ತೆಗೆದ ಇದರ ಚಿತ್ರ ಈಗ ಎಲ್ಲರ ಕೈಯಲ್ಲೂ ಇದೆ. ನಕ್ಷತ್ರವೇಕೆಂದು ಕೇಳಿದವರು ಕಡಮೆ. ದುಂಡನೆಯ ಕೊತ್ತಳದ ಬುಡದಲ್ಲಿ, ಗೋಡೆಯ ಮೇಲಿನವನ ಗುಂಡು ತಾಗದ ಒಂದು ಮರೆ ಇದ್ದೇ ಇರುತ್ತದೆ. ಶತ್ರು ಅಲ್ಲಿ ಬಂದು ಅಡಗಬಲ್ಲ. ಗೋಡೆಯನ್ನು ಚೂಪಾಗಿ ಮಡಿಸಿದರೆ ಒಂದು ಮಡಿಕೆಯ ಬುಡವನ್ನು ಇನ್ನೊಂದು ಮಡಿಕೆಯಿಂದ ಹೊಡೆಯಬಹುದು. ಫಿರಂಗಿ ಬಂದ ಮೇಲೆ ಯೂರೋಪು ಕಲಿತ ವ್ಯಾಕರಣ ಇದು. ಫ್ರಾನ್ಸಿನ ವೋಬಾನ್ ಇದರ ಪಾಣಿನಿ. ಸ್ಪೇನಿನ ಪಾಂಪ್ಲೋನಾ ನಗರದಲ್ಲಿ 1571ರಲ್ಲಿ ತೊಡಗಿದ ಕೋಟೆಯೂ ಇದೇ ವ್ಯಾಕರಣದ್ದು, ಅದಕ್ಕೆ ಐದು ಮೂಲೆ. ಫ್ರೆಂಚರ ನೆರವಿನಿಂದ ಅದು ನಮ್ಮ ಮಂಜಿನ ಗುಡ್ಡಕ್ಕೂ ಬಂತು. ನಡುವೆ ಶಿಲುಬೆಯಾಕಾರದ ಮೆಟ್ಟಿಲುಕೊಳವಿದೆ, ನೆಲದಡಿಯಲ್ಲಿ ಮದ್ದಿನ ಮನೆಗಳಿವೆ.

ಆ ಸೀಮೆಗೆ ಆಗ ಬಲವೆಂದು ಹೆಸರು. ಅಲ್ಲಿನ ಪಾಳೆಯಗಾರನು ಕಾಡನ್ನೇ ಕೋಟೆ ಮಾಡಿಕೊಂಡು ಇಂಗ್ಲಿಷರನ್ನು ಎದುರಿಸಿದಾಗ ಅವನನ್ನು ಹಿಡಿದು 1802ರಲ್ಲಿ ಗಲ್ಲಿಗೇರಿಸಿದವನು ಆರ್ಥರ್ ವೆಲ್ಲೆಸ್ಲಿ. ಗಿರಿದುರ್ಗಕ್ಕಿಂತ ವನದುರ್ಗ ಕಠಿನವೆಂದು ಅವನು ಇಲ್ಲಿ ಕಂಡುಕೊಂಡಿರಬೇಕು. ಕಾಡಿನ ನಡುವೆ ರಸ್ತೆಗಳನ್ನು ಕಡಿಸಿದ. ಇದೇ ವೆಲ್ಲೆಸ್ಲಿ ಹತ್ತು ವರ್ಷಗಳ ಬಳಿಕ, 1812ರಲ್ಲಿ, ಸ್ಪೇನಿನ ಬುರ್ಗೋಸ್ ಕೋಟೆಯನ್ನು ಒಂದು ತಿಂಗಳು ಮುತ್ತಿ, ಗೆಲ್ಲಲಾರದೆ ಹಿಂದಿರುಗಿದ. ವಾಟರ್ಲೂ ಪಾಠ ಓದುವ ನಮ್ಮ ಹುಡುಗರಿಗೆ ಆ ಸೇನಾಪತಿ ತಮ್ಮ ತೋಟದ ದಾರಿಯಲ್ಲೇ ನಡೆದುಹೋದವನೆಂದು ಯಾರಾದರೂ ಹೇಳಬೇಡವೇ?

ಸ್ಪೇನಿನ ಮಾತು ಬಂದುದರಿಂದ ಅದನ್ನಿಷ್ಟು ಬೆಳೆಸುತ್ತೇನೆ. ಕೋಟೆ ನೋಡುವುದನ್ನೊಂದು ವಿದ್ಯೆಯಾಗಿ ಬೆಳೆಸಿಕೊಂಡ ನಾಡು ಅದು. ಅಲ್ಲಿನ ಕಾಸ್ಟೀಲ್ ಪ್ರಾಂತಕ್ಕೆ ಹೆಸರು ಬಂದದ್ದೇ ಕೋಟೆಗಳಿಂದ. ವಯ್ಯಾದೊಲೀದ್ ಎಂಬ ನಗರದ ಸುತ್ತ ಒಂದು ದಿನದ ಪ್ರಯಾಣದೊಳಗೆ ಹಲವು ಕೋಟೆಗಳನ್ನು ನೋಡಬಹುದು. ಹಡಗಿನಂತೆ ಗುಡ್ಡದ ಮೇಲೆ ಉದ್ದಕ್ಕೆ ಚಾಚಿದ ಪೆನ್ಯಾಫಿಯೆಲ್ ಕೋಟೆಯೊಳಗೆ 1999ರಿಂದ ದ್ರಾಕ್ಷಾರಸದ ವಸ್ತುಸಂಗ್ರಹಾಲಯವಿದೆ. (ನಮ್ಮಲ್ಲಿ ಯಾರಾದರೂ ಮಂಜರಾಬಾದಿನಲ್ಲಿ ಕಾಫಿಯ ವಸ್ತುಸಂಗ್ರಹಾಲಯ ತೆರೆಯೋಣವೆಂದು ಹೊರಟಾರೆಂದು ಇದನ್ನು ಮೆಲುದನಿಯಲ್ಲಿ ಹೇಳುತ್ತಿದ್ದೇನೆ.) ನನಗೆ ಅಸೂಯೆಯಾಗುವುದು ಅದೇ ನಗರದ ಹತ್ತಿರದ ಸಿಮಾಂಕಾಸ್ ಕೋಟೆಯನ್ನು ನೆನೆದಾಗ. ಹದಿನಾರನೆಯ ಶತಮಾನದ ನಡುವಿನಿಂದ ಅದು ರಾಜ್ಯದ ಪತ್ರಾಗಾರ. ಕತ್ತಿಯಿದ್ದ ಕಡೆ ಕಾಗದ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಲೆಕ್ಕವೆಲ್ಲ ಕೋಟೆಯ ಗೋಡೆಯೊಳಗೇ ಭದ್ರವಾಗಿದೆ. ನಾಡಿನ ಕೋಟೆಗಳೆಲ್ಲವೂ, ಎಷ್ಟೇ ಪಾಳಾಗಿರಲಿ, ರಕ್ಷಣೆಗೆ ಸೇರಿದವೆಂದು 1949ರಲ್ಲಿ ಅವರು ಒಂದೇ ಆಜ್ಞೆಯಿಂದ ವಿಧಿಸಿದರು. ನಮ್ಮಲ್ಲಿ ಸುಂಕದ ಗುಮಾಸ್ತ ಬರೆದ ಕಡತ ಮಳೆಗೆ, ಗೆದ್ದಲಿಗೆ ಹೋಯಿತು. ಉಳಿದ ಪತ್ರಾಗಾರವೆಂದರೆ ಜನರ ನಾಲಗೆಯೊಂದೇ.

ನಾಲಗೆಯ ಬಲ ಅಲ್ಪವೆಂದು ತಿಳಿಯಲಾಗದು. ಚಿತ್ರದುರ್ಗವನ್ನು ನೋಡಿ. ಅಲ್ಲಿಗೆ ಹೋದ ಶಾಲೆಯ ಮಗು ಮೊದಲು ಹುಡುಕುವುದು ಓಬವ್ವನ ಕಿಂಡಿಯನ್ನು. ದೊಡ್ಡ ಬುರುಜುಗಳನ್ನು ಬಿಟ್ಟು ಒಬ್ಬ ಮನುಷ್ಯ ತೂರುವಷ್ಟರ ಸಂದಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅದಕ್ಕೆ ಕಾರಣ ಕಲ್ಲಲ್ಲ, ಕಥೆ. ತ.ರಾ.ಸು. ಅವರು ಆ ಕೋಟೆಯನ್ನು ಕಾದಂಬರಿಗಳ ಸಾಲಿನಲ್ಲಿ ಮತ್ತೊಮ್ಮೆ ಕಟ್ಟಿದರು. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಬಲ್ಲಾಳರಾಯನದುರ್ಗಕ್ಕೆ ಅಂಥ ಲೇಖನಿ ಒದಗಲಿಲ್ಲ. ಲೇಖಕರಿಗೆ ಬರವಿದ್ದ ಸೀಮೆಯೇನೂ ಇದಲ್ಲ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿಯೇ ಇದೆ. ಅವರು ಈ ಕಾಡಿನ ಹಕ್ಕಿಗೂ ಕೀಟಕ್ಕೂ ಕನ್ನಡದಲ್ಲಿ ಬದುಕು ಕೊಟ್ಟರು. ಕೋಟೆಯ ಪಾಲು ಬೇರೆಯವರಿಗೆ ಬಿಟ್ಟದ್ದು.

ತರಗತಿಯಲ್ಲಿ ಹಳಗನ್ನಡ ಕಾವ್ಯದ ಯುದ್ಧವರ್ಣನೆ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ. ಅಗಳು, ಆಳುವೇರಿ, ಅಟ್ಟಳೆ, ತೆನೆ, ಕೊತ್ತಳ, ದಿಡ್ಡಿ, ಹುಲಿಮುಖ, ಡೆಂಕಣಿ: ಪ್ರತಿಯೊಂದು ಪದಕ್ಕೂ ನಿಘಂಟಿನ ಅರ್ಥ ಬರೆಸುತ್ತೇವೆ, ಹುಡುಗರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯ ಮರುದಿನ ಮರೆಯುತ್ತಾರೆ. ಅಗಳೆಂದರೆ ಕಂದಕ, ಕಂದಕವೆಂದರೆ ಅಗಳು! ಅದೇ ಹುಡುಗರನ್ನು ಮಂಜರಾಬಾದಿಗೆ ಕರೆದೊಯ್ದು ನಿಲ್ಲಿಸಿ 'ಇದು ಅಗಳು, ಇದನ್ನು ದಾಟಿ ಬರಬೇಕಾದವನು ನೀನು' ಎಂದರೆ ಪದ ಮೈಗೆ ಹತ್ತುತ್ತದೆ. ಮೂಡಿಗೆರೆಯಿಂದ ಅಲ್ಲಿಗೆ ಒಂದು ಬೆಳಗಿನ ಪ್ರಯಾಣ. ವರ್ಷಕ್ಕೊಮ್ಮೆ ಮೈಸೂರಿನ ಅರಮನೆಗೆ ಪ್ರವಾಸ ಹೊರಡಿಸುವ ನಾವು ಈ ಹತ್ತಿರದ ಪಾಠಶಾಲೆಯನ್ನು ಮರೆತಿರುವುದು ವಿಚಿತ್ರ.

ಕಾಲವೂ ಹೆಚ್ಚಿಲ್ಲ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಈ ಬೆಟ್ಟಗಳ ಮಗ್ಗುಲು ಕುಸಿಯಿತು. ಚಾರ್ಮಾಡಿಯ ರಸ್ತೆ ಮುಚ್ಚಿತು. ಮಲೆಮನೆ, ಮಧುಗುಂಡಿಗಳಲ್ಲಿ ಮನೆಗಳೂ ಗದ್ದೆತೋಟಗಳೂ ಮಣ್ಣಿನಡಿ ಹೋದವು, ಕುಟುಂಬಗಳು ನೆಲೆ ಕಳೆದುಕೊಂಡವು. ಆ ನಷ್ಟದ ಮುಂದೆ ಹೆಸರುಗಳ ಮಾತನ್ನಾಡುವುದು ಸಣ್ಣತನವೆನಿಸೀತು. ಆದರೆ ಪ್ರತಿ ದಿಣ್ಣೆಗೆ, ಪ್ರತಿ ಹಳ್ಳಕ್ಕೆ, ಪ್ರತಿ ತಿರುವಿಗೆ ಹೆಸರು ಗೊತ್ತಿದ್ದವರು ಇಂಥ ಮನೆಗಳವರೇ; ಅವರು ಊರು ಬಿಟ್ಟರೆ ಅವರ ಬೆನ್ನಿಗೇ ಹೆಸರುಗಳೂ ಹೋಗುತ್ತವೆ. ಹೊಸದಾಗಿ ಬರುವವರಿಗೆ ಅವೆಲ್ಲ ಬರಿಯ 'ಪಾಯಿಂಟು'ಗಳು.

ಆದ್ದರಿಂದ ದುರ್ಗದ ತುದಿಯವರೆಗೆ ಡಾಂಬರು ರಸ್ತೆ ಬಂದರೆ ಅಭಿವೃದ್ಧಿಯಾಯಿತೆನ್ನುವವರೊಡನೆ ನನಗೆ ಸಮ್ಮತಿಯಿಲ್ಲ. ಕುಸಿದ ಬೆಟ್ಟವನ್ನು ಇನ್ನಷ್ಟು ಕಡಿಯುವುದು ಬುದ್ಧಿಯಲ್ಲ. ಅಷ್ಟೇ ಅಲ್ಲ, ಹತ್ತಿ ದಣಿಯದವನಿಗೆ ಗಿರಿದುರ್ಗ ಅರ್ಥವಾಗದು. ಎತ್ತು ಪಟ್ಟ ಪಾಡಿನ ನೂರರಲ್ಲೊಂದು ಪಾಲನ್ನಾದರೂ ನಮ್ಮ ಕಾಲು ಅರಿಯಲಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆ ನೆರೆದ ಬಳಿಕ ಅರಣ್ಯ ಇಲಾಖೆಯವರು ಚಾರಣಕ್ಕೆ ಮುಂಗಡ ನೋಂದಣಿಯನ್ನೂ ಸಂಖ್ಯೆಯ ಮಿತಿಯನ್ನೂ ಗೊತ್ತುಮಾಡಲು ಹೊರಟರು. ಅದು ತಕ್ಕ ಕ್ರಮ. ಅದರ ಜೊತೆಗೆ ಸುಂಕಸಾಲೆಯಲ್ಲಿ ಕನ್ನಡದಲ್ಲಿ ಬರೆದ ಒಂದು ಕಲ್ಲುಹಲಗೆ ಇರಲಿ. ರಾಜರ ವಂಶಾವಳಿ ಬೇಡ. ಹಾದಿಯ ನಕ್ಷೆ, ಸುಂಕದ ಅರ್ಥ, ನೀರು ಎರಡು ಕಡಲಿಗೆ ಹೋಗುವ ಬಗೆ, ಇಷ್ಟು ಸಾಕು. ಇನ್ನು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ಒಂದು ವರ್ಷದ ಮಟ್ಟಿಗೆ ಹಸ್ತಪ್ರತಿಯ ಪಾಠಾಂತರಗಳನ್ನು ಬದಿಗಿಟ್ಟು, ಕಿರುಪ್ರಬಂಧದ ವಿಷಯವಾಗಿ ಈ ಸ್ಥಳನಾಮಗಳನ್ನು ಹಂಚಿಕೊಡಲಿ. ಒಬ್ಬ ವಿದ್ಯಾರ್ಥಿಗೆ ಒಂದು ಹಳ್ಳಿ.

ಇದು ಆಗುವ ಕೆಲಸವೆಂದು ನನಗೆ ನಂಬಿಕೆ ಹುಟ್ಟಿದ್ದು ಕಳೆದ ಚಳಿಗಾಲದಲ್ಲಿ. ಬೆಟ್ಟದ ಬುಡದ ಹಾದಿಯಲ್ಲಿ ಎರಡು ಕಂಬಗಳ ಮೇಲೆ ಅಡ್ಡಹಾಸಿದ ಚಪ್ಪಡಿಯೊಂದರ ಮೇಲೇರಿ ನಮ್ಮ ಹುಡುಗರು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಸೌದೆ ಹೊತ್ತು ಬಂದ ಮುದುಕರೊಬ್ಬರು ಅವರನ್ನು ಇಳಿಯಹೇಳಿ, ಕಲ್ಲಿಗೆ ಬೆನ್ನು ಮಾಡಿ ನಿಂತು, ಬಗ್ಗದೆ ಕೂರದೆ ತಲೆಯ ಹೊರೆಯನ್ನು ಹಾಗೆಯೇ ಚಪ್ಪಡಿಯ ಮೇಲೆ ಜಾರಿಸಿದರು. ಹೊರೆಗಲ್ಲು ಎಂದರು. ಒಬ್ಬ ಹುಡುಗಿ ಆ ಪದವನ್ನು ಅಂಗೈ ಮೇಲೆ ಬರೆದುಕೊಂಡು, ಕಲ್ಲಿನ ಎತ್ತರವನ್ನು ಗೇಣು ಹಾಕಿ ಅಳೆಯತೊಡಗಿದಳು.