ಕಳ್ಳ ಸಿಗದ ಕಲಬೆರಕೆ

ಹಾಲಿಗೆ ನೀರು, ಖಾರಪುಡಿಗೆ ಇಟ್ಟಂಗಿ ಪುಡಿ, ತೊಗರಿ ಬೇಳೆಗೆ ಕೇಸರಿ ಬೇಳೆ. ಕಲಬೆರಕೆ ಎಂದೊಡನೆ ನಮಗೆ ನೆನಪಾಗುವುದು ಇವೇ. ಏನನ್ನಾದರೂ ಬೆರೆಸಿದರೆ ಮಾತ್ರ ಮೋಸ ಎಂದು ತಿಳಿದವರೇ ಹೆಚ್ಚು. ಆದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯನ್ನು ತೆರೆದು ನೋಡಿ. ಆಹಾರದಲ್ಲಿರಬೇಕಾದ ಅಂಶವನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆದು ಅದನ್ನು ಆರೋಗ್ಯಕ್ಕೆ ಹಾನಿಕರವಾಗಿಸಿದರೂ ಅದು ‘ಅಸುರಕ್ಷಿತ ಆಹಾರ’ವೇ. ಬೆರೆಸಿದಷ್ಟೇ ಕದ್ದದ್ದೂ ಅಪರಾಧ.

ಈಗ ಅಂಥದೊಂದು ಕಳವು ಬಯಲಲ್ಲೇ ನಡೆದಿದೆ. ಕದಿಯುತ್ತಿರುವುದು ಗಾಳಿ!

ಕೈಗಾರಿಕೆಗಳು ಬೆಳೆಯುವ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 280 ಭಾಗವಿತ್ತು. ಈಗ 420 ದಾಟಿದೆ. ಗಿಡಕ್ಕೆ ಇದೇ ಆಹಾರವಲ್ಲವೇ, ಒಳ್ಳೆಯದೇ ಆಯಿತು ಎನ್ನಬಹುದು. ಇಳುವರಿಗೆ ಒಳ್ಳೆಯದೂ ಹೌದು. ಆದರೆ ಹೆಚ್ಚು ಅನಿಲ ಸಿಕ್ಕ ಗೋಧಿ, ಭತ್ತಗಳು ಪಿಷ್ಟವನ್ನೇ ಹೆಚ್ಚು ತುಂಬಿಕೊಳ್ಳುತ್ತವೆ. ಎಲೆಯ ಪತ್ರರಂಧ್ರಗಳು ಅರೆ ಮುಚ್ಚುತ್ತವೆ. ಬೇರು ಎಳೆಯುವ ನೀರು ಕಡಿಮೆಯಾಗಿ, ಅದರೊಂದಿಗೆ ಬರುವ ಖನಿಜಗಳೂ ಕಡಿಮೆಯಾಗುತ್ತವೆ. ಕಾಳು ದಪ್ಪ, ಒಳಗೆ ಸಪ್ಪೆ.

2014ರಲ್ಲಿ ಸ್ಯಾಮುಯೆಲ್ ಮೈಯರ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದರ ಲೆಕ್ಕ ಕೊಟ್ಟರು. ಜಪಾನ್, ಆಸ್ಟ್ರೇಲಿಯಾ, ಅಮೆರಿಕಗಳ ಬಯಲು ಹೊಲಗಳಲ್ಲಿ ಈ ಅನಿಲವನ್ನು ಸುಮಾರು 550 ಭಾಗಕ್ಕೆ ಏರಿಸಿ ಬೆಳೆದಾಗ ಗೋಧಿಯಲ್ಲಿ ಸತುವು ಶೇ. 9.3, ಕಬ್ಬಿಣ ಶೇ. 5.1, ಸಸಾರಜನಕ ಶೇ. 6.3ರಷ್ಟು ಇಳಿದಿತ್ತು. ಅಕ್ಕಿಯ ಸಸಾರಜನಕ ಶೇ. 7.8 ಇಳಿದಿತ್ತು. ಬೇಳೆ, ಹಾಲು, ತತ್ತಿ ಉಣ್ಣುವ ಮನೆಗೆ ಇದು ಗೊತ್ತೂ ಆಗದು. ಅನ್ನವೇ ಹೊಟ್ಟೆ ತುಂಬಿಸುವ ಮನೆಯ ಕೂಸಿನ ಬೆಳವಣಿಗೆಗೆ ಸತುವು ಬೇರೆಲ್ಲಿಂದ ಬರಬೇಕು?

ಕಾಯ್ದೆ ಇಲ್ಲಿ ಕೈಚೆಲ್ಲುತ್ತದೆ. ಅದರ ಪ್ರಕಾರ ಕೊಯ್ಲಿಗೆ ಮುಂಚಿನ ಬೆಳೆ ‘ಆಹಾರ’ವೇ ಅಲ್ಲ, ರೈತನಿಗೂ ಅವನ ಬೇಸಾಯಕ್ಕೂ ಅದು ಅನ್ವಯಿಸದು. ಇದು ಸರಿಯೇ, ರೈತನನ್ನು ಕಟಕಟೆಗೆ ತರುವುದು ಯಾರಿಗೂ ಬೇಡ. ಆದರೆ ಕೊಯ್ಲಿನ ನಂತರವಾದರೂ ಕಾಳಿನ ಸತ್ವ ನೋಡುತ್ತಾರೆಯೇ? 2023ರ ಸೆಪ್ಟೆಂಬರ್ 1ರಿಂದ ಜೋಳವೂ ಸೇರಿ 15 ಸಿರಿಧಾನ್ಯಗಳಿಗೆ ಗುಣಮಟ್ಟದ ನಿಯಮ ಬಂದಿದೆ. ತೇವಾಂಶ, ಕಸಕಡ್ಡಿ, ಹುಳು ಹಿಡಿದ ಕಾಳು, ಜೊಳ್ಳು, ಯೂರಿಕ್ ಆಮ್ಲ ಎಲ್ಲ ಅಳೆಯುತ್ತಾರೆ. ಸತುವನ್ನು ಅಳೆಯುವುದಿಲ್ಲ.

ಇನ್ನು ಸಾರವರ್ಧಿತ ಅಕ್ಕಿ. ಪಡಿತರದಲ್ಲೂ ಶಾಲೆಯ ಬಿಸಿಯೂಟದಲ್ಲೂ ಬಂದ ಇದಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸುವುದು ಕಡ್ಡಾಯ. ಸತುವು ಐಚ್ಛಿಕ! ಗಾಳಿ ಕದ್ದ ಸತುವನ್ನು ತಿರುಗಿ ಕೊಡುವುದು ಕೊಡುವವರ ಮರ್ಜಿ. ಹೋದ ಸಸಾರಜನಕವಂತೂ ಲೆಕ್ಕದಲ್ಲೇ ಇಲ್ಲ. ಆಹಾರ ಭದ್ರತೆ ಕಾಯ್ದೆ 2013ರಲ್ಲಿ ಪ್ರಾಥಮಿಕ ಶಾಲೆಯ ಮಗುವಿನ ಊಟಕ್ಕೆ 12 ಗ್ರಾಂ ಸಸಾರಜನಕ ಎಂದು ಬರೆಯಿತು. ನೂರು ಗ್ರಾಂ ಅಕ್ಕಿಯಲ್ಲಿ ಇಂದು ಇರುವುದು ಸುಮಾರು 8 ಗ್ರಾಂ. ಇಳಿದದ್ದನ್ನು ಬೇಳೆಯೇ ತುಂಬಬೇಕು.

ನಮ್ಮ ಮುಳವಾಡದ ಸುತ್ತಿನ ಎರಿ ಹೊಲಗಳ ಬಿಳಿಜೋಳದ ಕಥೆ ಬೇರೆ. ಜೋಳದ ಎಲೆ ಮೊದಲೇ ಇಂಗಾಲದ ಡೈ ಆಕ್ಸೈಡನ್ನು ತನ್ನೊಳಗೆ ಒಟ್ಟುಮಾಡಿಕೊಳ್ಳುವ ಜಾತಿಯದು. ಹೊರಗೆ ಅನಿಲ ಹೆಚ್ಚಾದರೂ ಅದರ ಕಾಳು ಅಷ್ಟಾಗಿ ಸೊರಗದೆಂದು ಅದೇ ಪ್ರಯೋಗಗಳು ತೋರಿಸಿವೆ. ಮಿಗಿಲಾಗಿ, ನೂರು ಗ್ರಾಂ ಜೋಳದಲ್ಲಿ ಕಬ್ಬಿಣ ಸುಮಾರು 4 ಮಿಲಿಗ್ರಾಂ. ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ಆದರೆ ಮುಳವಾಡ ಏತ ನೀರಾವರಿ ಆಲಮಟ್ಟಿಯ ನೀರನ್ನು ಮೇಲಕ್ಕೆ ತಂದಿದೆ. ಕಾಲುವೆ ಬಂದ ಹೊಲದಲ್ಲಿ ಕಬ್ಬು ಬಿಟ್ಟು ಜೋಳ ಬಿತ್ತು ಎಂದು ರೈತನಿಗೆ ಹೇಳುವ ಎದೆಗಾರಿಕೆ ನನಗಿಲ್ಲ. ಬಿಸಿಯೂಟಕ್ಕೆ ಜೋಳವನ್ನು ಒಳ್ಳೆ ದರಕ್ಕೆ ಕೊಳ್ಳಿರೆಂದು ಸರ್ಕಾರಕ್ಕೆ ಹೇಳಬಲ್ಲೆ.

ಒಂದು ಮಾತು ಮಾತ್ರ. ಜೋಳದ ಕಬ್ಬಿಣವೆಲ್ಲ ಮೈಗೆ ಹತ್ತದು. ಅದರಲ್ಲಿರುವ ಫೈಟೇಟ್ ಎಂಬ ವಸ್ತು ಹಿಡಿದಿಟ್ಟುಕೊಳ್ಳುತ್ತದೆ. ಹುಳಿಯಲ್ಲಿರುವ ಸಿ ಜೀವಸತ್ವ ಅದನ್ನು ಬಿಡಿಸುತ್ತದೆ. ರೊಟ್ಟಿಯ ಜೊತೆಗಿನ ಪಲ್ಯಕ್ಕೆ ನಮ್ಮ ಇಂಡಿಯ ಲಿಂಬೆಹಣ್ಣು ಅರ್ಧ ಹೋಳು ಹಿಂಡಿದರೆ ಸಾಕು.