ಅಳಿಸಿ ಬರೆಯುವ ಹಾಸು

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳಗಳನ್ನುರುಳಿಸುತ್ತ ಕಥೆ ಹೆಣೆಯುವ ಆಟಗಳು ಈಗ ನಗರದ ವಿದ್ಯಾರ್ಥಿಗಳಿಗೂ ಅಪರಿಚಿತವಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿ, 1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವುಗಳಿಗೆಲ್ಲ ಮೇಲ್ಪಂಕ್ತಿ. ಈ ಆಟದಲ್ಲಿ ಕಾಳಗದ ಪ್ರಸಂಗ ಬಂದಾಗ, ಯಾರು ಎಲ್ಲಿ ನಿಂತಿದ್ದಾರೆಂದು ತೋರಿಸಲು ಚೌಕುಳಿ ಗೆರೆಗಳ ಹಾಸೊಂದನ್ನು ಮೇಜಿನ ಮೇಲೆ ಹರಡುವ ರೂಢಿಯುಂಟು. ಸಾಮಾನ್ಯವಾಗಿ ಒಂದೊಂದು ಚೌಕದ ಅಳತೆ 1 ಅಂಗುಲ. ಆಟದ ಲೆಕ್ಕದಲ್ಲಿ ಅದು 5 ಅಡಿ. 24 ಚೌಕಗಳ ಸಾಲೆಂದರೆ 120 ಅಡಿಯ ಹಜಾರ!

ಮಾತಿನಲ್ಲೇ ನಡೆಯುವ ಆಟಕ್ಕೆ ಹಾಸೇಕೆ ಎಂದು ಕೆಲವರು ಕೇಳುವುದುಂಟು. ಸಂಭಾಷಣೆಗೂ ಪಯಣದ ಕಥೆಗೂ ಅದು ಬೇಡವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಐದಾರು ಮಂದಿ ಒಟ್ಟಿಗೆ ಕಾಳಗಕ್ಕಿಳಿದಾಗ, ‘ನಾನು ಬಾಗಿಲ ಬಳಿಯಿದ್ದೆ’, ‘ಇಲ್ಲ, ಕಂಬದ ಹಿಂದಿದ್ದೆ’ ಎಂಬ ವಾದ ಏಳದಿರದು. ಆಗ ಗಟ್ಟಿದನಿಯವನ ಮಾತೇ ಸತ್ಯವಾಗಿ, ಮೆಲುದನಿಯವನು ಸುಮ್ಮನಾಗಿಬಿಡುತ್ತಾನೆ. ಹಾಸು ಇಬ್ಬರಿಗೂ ಸಮನಾದ ಸಾಕ್ಷಿ. ಅದರ ಆಯ್ಕೆಯನ್ನೂ ಆರೈಕೆಯನ್ನೂ ನಾವು ಈ ದೃಷ್ಟಿಯಿಂದಲೇ ನೋಡಬೇಕು.

ಅಂಗಡಿಗಳಲ್ಲಿ ಬಗೆಬಗೆಯ ಹಾಸುಗಳು ದೊರೆಯುತ್ತವೆ. ಕಾಡು, ಕೋಟೆ, ಹಡಗುಗಳ ವರ್ಣಚಿತ್ರಗಳನ್ನು ಮುದ್ರಿಸಿದ, ರಬ್ಬರಿನ ತಳವುಳ್ಳ ಬಟ್ಟೆಯ ಹಾಸು ಕಣ್ಣಿಗೆ ಬಲು ಸೊಗಸು. ಆದರೆ ಅದರ ಕಾಡು ಎಂದಿಗೂ ಕಾಡೇ. ನಾಳಿನ ಕಥೆಗೆ ಸಂತೆಬೀದಿ ಬೇಕಾದರೆ ಇನ್ನೊಂದನ್ನು ಕೊಳ್ಳಬೇಕು. ಅದರ ಮೇಲೆ ಬರೆದು ಅಳಿಸುವುದೂ ಸಾಮಾನ್ಯವಾಗಿ ಆಗದು. ಬರಿಯ ಗೆರೆಗಳಿರುವ ವಿನೈಲ್ ಹಾಸಾದರೆ ಬೇಕಾದ ಗೋಡೆ, ಬಾವಿ, ಹೊಳೆಗಳನ್ನು ನಾವೇ ಬರೆಯಬಹುದು. ಹಲವು ವಿನೈಲ್ ಹಾಸುಗಳ ಒಂದು ಮಗ್ಗುಲಲ್ಲಿ ಚೌಕಗಳೂ ಇನ್ನೊಂದರಲ್ಲಿ ಷಟ್ಕೋನಗಳೂ ಇರುತ್ತವೆ. ಮಡಿಸಿಡಬಹುದಾದ, ನುಣುಪು ಲೇಪನದ ಕಾಗದದ ಹಾಸುಗಳೂ ಉಂಟು. ನಗರದ ಕಿರಿದಾದ ಮನೆಗಳಲ್ಲಿ ಇವುಗಳಿಗೆ ಕಪಾಟಿನ ಮೂಲೆ ಸಾಕು. ನಮ್ಮ ಹಿರಿಯರು ಚೌಕಾಬಾರದ ಮನೆಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ಆಡಿದವರು. ಆಟ ಮುಗಿದರೆ ಒರೆಸಿದರಾಯಿತು. ವಿದ್ಯಾರ್ಥಿಗಳ ಕೈಗೂ ಕಲ್ಪನೆಗೂ ಒಗ್ಗುವುದು ಇಂತಹ ಬರಿದಾದ ಹಾಸೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊಳ್ಳಲು ಹಣವಿಲ್ಲದವರು ಅಂಗುಲದ ಗೆರೆ ಎಳೆದ ದಪ್ಪ ಕಾಗದದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಕೆಲಸ ನಡೆಯುತ್ತದೆ.

ಇನ್ನು ಆರೈಕೆಯ ಮಾತು. ವಿನೈಲಿನ ಮೇಲೆ ಒದ್ದೆ ಬಟ್ಟೆಯಿಂದ ಅಳಿಯುವ ಮಾರ್ಕರನ್ನೇ ಬಳಸತಕ್ಕದ್ದು. ಬಿಳಿಹಲಗೆಗೆ ಬಳಸುವ, ಒಣಬಟ್ಟೆಯಿಂದ ಅಳಿಯುವ ಮಾರ್ಕರು ಇಲ್ಲಿ ಕಲೆಯುಳಿಸುತ್ತದೆ. ವಿನೈಲನ್ನು ಮೆದುವಾಗಿಸಲು ಅದರಲ್ಲಿ ಎಣ್ಣೆಯಂತಹ ದ್ರವಗಳನ್ನು ಬೆರೆಸಿರುತ್ತಾರೆ. ಶಾಯಿಯ ಬಣ್ಣ ಬಹುಕಾಲ ಮೇಲೆ ನಿಂತರೆ ಒಳಕ್ಕಿಳಿಯುತ್ತದೆ. ಕೆಂಪು ಬಣ್ಣವಂತೂ ಈ ವಿಷಯದಲ್ಲಿ ಕುಖ್ಯಾತ. ಆದುದರಿಂದ ಹೊಸ ಮಾರ್ಕರನ್ನು ಮೊದಲು ಹಾಸಿನ ಮೂಲೆಯಲ್ಲಿ ಪರೀಕ್ಷಿಸಬೇಕು. ಬರೆದುದನ್ನು ಅಂದೇ ಅಳಿಸಬೇಕು. ಕಥೆ ಅರ್ಧದಲ್ಲಿ ನಿಂತರೆ ನಕ್ಷೆಯನ್ನು ಪುಸ್ತಕದಲ್ಲಿ ಇಳಿಸಿಕೊಳ್ಳಬಹುದು, ಇಲ್ಲವೆ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬಹುದು. ಒರೆಸಿದ ಬಳಿಕ ಚೆನ್ನಾಗಿ ಆರಿಸಿ, ಮಡಿಸದೆ ಸುರುಳಿ ಸುತ್ತಿ, ಬಿಸಿಲು ತಾಗದೆಡೆಯಲ್ಲಿ ಇಡಬೇಕು. ಮಡಿಕೆಯ ಗುರುತು ಬಿದ್ದರೆ ಅದರ ಮೇಲೆ ಕಾಯಿಗಳು ನೆಟ್ಟಗೆ ನಿಲ್ಲವು.

ಕಲೆಯಿದ್ದರೇನಂತೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಕಳೆದ ವಾರದ ಗೋಡೆ ಇಂದಿನ ಗೋಡೆಯಂತೆ ಕಂಡಾಗ ಹಾಸು ಸಾಕ್ಷಿ ಹೇಳುವುದನ್ನು ಬಿಟ್ಟು ಜಗಳಕ್ಕೆ ಮೂಲವಾಗುತ್ತದೆ. ಮತ್ತೆ ಗಟ್ಟಿದನಿಯವನದೇ ಗೆಲುವು. ಹಲವರು ಕೂಡಿ ಕೊಂಡ ಹಾಸಾದರಂತೂ, ನಾವು ಬಿಟ್ಟ ಕಲೆಯ ಮೇಲೆ ನಾಳೆ ಕಿರಿಯ ತರಗತಿಯವರು ಆಡಬೇಕಾಗುತ್ತದೆ. ಆಟದ ನಿರ್ವಾಹಕನೊಬ್ಬನಿಗೇ ಒರೆಸುವ ಕೆಲಸವನ್ನು ಬಿಟ್ಟು ಏಳುವುದು ಸಲ್ಲದು. ಗೆರೆ ಎಳೆದವರು, ಕಾಯಿ ನಡೆಸಿದವರು, ಎಲ್ಲರೂ ಒಂದು ಒದ್ದೆ ಬಟ್ಟೆಗೆ ಕೈ ನೀಡಿದರೆ ಐದು ನಿಮಿಷದ ಕೆಲಸ. ವಿದ್ಯಾರ್ಥಿ ಮಿತ್ರರು ಇದನ್ನು ಆಟದ ನಿಯಮಗಳಲ್ಲೊಂದೆಂದು ತಿಳಿದು ನಡೆಸಿಕೊಂಡು ಬರಲಿ.